ಬಣ್ಣದ ಕಂಟ್ರಾಕ್ಟರುಗಳಿಗೆ: ಕೊಟೇಶನ್ನಿನಲ್ಲಿ ಸಾರುವೆಗೂ ಒಂದು ಸಾಲು ಕೊಡಿ
ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಬಣ್ಣದ ಕಂಟ್ರಾಕ್ಟರುಗಳಿಗೆ ಜಿನನಾಥಪುರದಿಂದ ಒಂದು ಮಾತು.

ನಮ್ಮೂರಿಗೆ ಶ್ರವಣಬೆಳಗೊಳ ಕೂಗಳತೆ ದೂರ. 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆಂದು ವಿಂಧ್ಯಗಿರಿಯ ಮೇಲೆ ಎದ್ದ ಅಟ್ಟಣಿಗೆಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. 58 ಅಡಿಯ ಗೊಮ್ಮಟನ ನೆತ್ತಿಯವರೆಗೆ ಕಳಶ ಹೊತ್ತು ಹೋಗುವವರಿಗಾಗಿ ಜರ್ಮನ್ ತಂತ್ರಜ್ಞಾನ ತರಿಸಿ ಕಟ್ಟಿದ್ದು ಅದು. ಮಂತ್ರಿಗಳು, ಸ್ವಾಮೀಜಿಗಳು, ವಯಸ್ಸಾದ ತಾಯಂದಿರು ಎಲ್ಲರೂ ಹತ್ತಿ ಇಳಿದರು. ಎತ್ತರದಲ್ಲಿ ಮನುಷ್ಯನನ್ನು ಬೀಳದಂತೆ ನಿಲ್ಲಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ ಅಂದಹಾಗಾಯಿತು. ಹಾಗಿದ್ದ ಮೇಲೆ ಕಲ್ಯಾಣ ಮಂಟಪದ ಮೂರನೇ ಅಂತಸ್ತಿಗೆ ಬಣ್ಣ ಹೊಡೆಯುವ ಹುಡುಗನ ಕಾಲಡಿ ಎರಡು ಬೊಂಬು, ಒಂದು ಅಡ್ಡಹಲಗೆ ಮಾತ್ರ ಏಕಿದೆ?

ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಬದಿಯ ಒಂದು ಕಟ್ಟಡದ ಕೆಳಗೆ ನಿಂತು ನೋಡಿದೆ. ಹಗ್ಗ ಕಟ್ಟಿ ಇಳಿಬಿಟ್ಟ ಜೂಲಾದಲ್ಲಿ ಇಬ್ಬರು ಕೂತಿದ್ದರು. ಸೊಂಟಕ್ಕೆ ಬೆಲ್ಟ್ ಇತ್ತು. ಆದರೆ ಬೆಲ್ಟಿನ ಕೊಂಡಿಯನ್ನು ಜೂಲಾ ಕಟ್ಟಿದ ಹಗ್ಗಕ್ಕೇ ಸಿಕ್ಕಿಸಿದ್ದರು. ಆ ಹಗ್ಗ ಹೋದರೆ ಜೂಲಾ, ಬೆಲ್ಟ್, ಮನುಷ್ಯ ಮೂರೂ ಒಟ್ಟಿಗೇ ಹೋಗುತ್ತವೆ. ತಾರಸಿಯ ಮೇಲೆ ಹೋದರೆ ಹಗ್ಗದ ಇನ್ನೊಂದು ತುದಿ ಅರ್ಧ ತುಂಬಿದ ಪ್ಲಾಸ್ಟಿಕ್ ನೀರಿನ ಟ್ಯಾಂಕಿಗೆ ಸುತ್ತಿತ್ತು. ಪ್ಯಾರಾಪೆಟ್ಟಿನ ಅಂಚು ತಾಗುವಲ್ಲಿ ಅದರ ಎಳೆಗಳು ಬಿಚ್ಚಿಕೊಂಡಿದ್ದವು. ಅಂಚಿಗೆ ಒಂದು ಗೋಣಿಚೀಲ ಮಡಿಸಿ ಇಟ್ಟಿದ್ದರೂ ಅಷ್ಟು ಸವೆಯುತ್ತಿರಲಿಲ್ಲ. ಬೆಲ್ಟಿಗೆ ಬೇರೆಯದೇ ಹಗ್ಗ, ಅದಕ್ಕೆ ಬೇರೆಯದೇ ಗಟ್ಟಿ ಕಂಬ ಬೇಕು. ಸೊಂಟದ ಬೆಲ್ಟೊಂದೇ ಸಾಲದು. ಬಿದ್ದಾಗ ಅದು ಜಗ್ಗುವ ರಭಸಕ್ಕೆ ಹೊಟ್ಟೆ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಭುಜಕ್ಕೂ ತೊಡೆಗೂ ಹಿಡಿತವಿರುವ ಹಾರ್ನೆಸ್ಸೇ ಬೇಕು.

ಕರೆಂಟಿನ ವಿಷಯವನ್ನು ಇನ್ನೂ ಒತ್ತಿ ಹೇಳಬೇಕು. 11 ಕೆ.ವಿ. ಲೈನಿಗೂ ಕಟ್ಟಡಕ್ಕೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕೆಂದು ನಿಯಮ. ನೀವು ರೋಲರಿಗೆ ಸಿಕ್ಕಿಸುವ ಕೋಲನ್ನು ಪೂರ್ತಿ ಎಳೆದರೆ ಅದಕ್ಕಿಂತ ಉದ್ದ. ನಿಯಮದ ಪ್ರಕಾರವೇ ಕಟ್ಟಿದ ಮನೆಯ ಮುಂದೆಯೂ ಕೋಲು ತಿರುಗಿಸುವಾಗ ತಂತಿ ತಾಗಬಹುದು. ಅಲ್ಯೂಮಿನಿಯಂ ಏಣಿ ಸರಿಸುವಾಗಲೂ ಅಷ್ಟೇ. ಸೆಸ್ಕ್ ಕಚೇರಿಗೆ ಮೊದಲೇ ತಿಳಿಸಿ ಲೈನ್ ಬಂದ್ ಮಾಡಿಸಿ, ಆಮೇಲೆ ಡಬ್ಬ ತೆಗೆಯಿರಿ.

ಹಳೇ ಬಣ್ಣ ಕೆರೆಯುವ ಕೆಲಸವನ್ನು ಹೊಸ ಹುಡುಗರಿಗೆ ಹಚ್ಚುತ್ತೀರಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕಟ್ಟುಪಾಡು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಕಿಟಕಿ, ಗ್ರಿಲ್ಲು, ಬಾಗಿಲುಗಳ ಎನಾಮಲ್ಲಿನಲ್ಲಿ ಎಷ್ಟಿದೆಯೋ ಯಾರೂ ನೋಡಿಲ್ಲ. ಒಣ ಎಮರಿ ಹಿಡಿದರೆ ಆ ಧೂಳು ಉಸಿರಿಗೂ ಬಟ್ಟೆಗೂ ಸೇರಿ, ಸಂಜೆ ಮನೆಯಲ್ಲಿ ಮಗುವನ್ನು ಎತ್ತಿಕೊಂಡಾಗ ಮಗುವಿಗೂ ಅಂಟುತ್ತದೆ. ನೀರು ಹಚ್ಚಿ ಉಜ್ಜಿಸಿ. ಮೂಗಿಗೆ ಕಟ್ಟುವ ಟವೆಲ್ಲು ಟಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಕೊಡಿಸಿ.

ಇದೆಲ್ಲ ನಿಮಗೆ ತಿಳಿಯದ್ದೇನಲ್ಲ. ನಿಮ್ಮಲ್ಲಿ ಎಷ್ಟೋ ಜನ ಬ್ರಷ್ ಹಿಡಿದೇ ಮೇಲೆ ಬಂದವರು. ತೊಡಕು ಇರುವುದು ರೇಟಿನಲ್ಲಿ. ಚದರಡಿಗೆ ಇಷ್ಟು ಎಂದು ಬರೆಯುತ್ತೀರಿ. ಲಪ್ಪಂ, ಪ್ರೈಮರ್, ಎರಡು ಕೋಟು, ಕೂಲಿ ಎಲ್ಲ ಅದರಲ್ಲಿ ಸೇರಿರುತ್ತದೆ. ಗಟ್ಟಿ ಸಾರುವೆ, ಹಾರ್ನೆಸ್ ಸೇರಿಸಿದರೆ ರೇಟು ಏರುತ್ತದೆ, ಪಕ್ಕದವನು ಕಡಿಮೆ ಹೇಳಿ ಕೆಲಸ ಹೊಡೆದುಕೊಳ್ಳುತ್ತಾನೆ. ಈ ಕಷ್ಟ ನಿಜ. ಕೊಟೇಶನ್ನಿನಲ್ಲಿ ಕೊನೆಯ ಅಂಕಿ ಮಾತ್ರ ನೋಡುವ ಮನೆ ಮಾಲೀಕರು, ಗೃಹಪ್ರವೇಶಕ್ಕೆ ನಾಲ್ಕು ದಿನವಿರುವಾಗ ಮಳೆ ನೆನೆದ ಹಲಗೆಯ ಮೇಲೂ ಹತ್ತಿಸುವವರು, ಅವರ ಪಾಲೂ ಇದರಲ್ಲಿದೆ.

ಅದಕ್ಕೇ ಕೇಳುವುದು: ಆಯಾ ಊರಿನ ಎಲ್ಲ ಕಂಟ್ರಾಕ್ಟರುಗಳೂ ಒಂದು ಕಡೆ ಕೂತು, ಸಾರುವೆ ಮತ್ತು ಸುರಕ್ಷೆಯ ಖರ್ಚನ್ನು ಚದರಡಿ ರೇಟಿನಿಂದ ಹೊರಗೆ ತೆಗೆದು ಬೇರೆ ಸಾಲಾಗಿ ಬರೆಯುವುದೆಂದು ತೀರ್ಮಾನಿಸಿ. ಆ ಸಾಲಿನ ಮೇಲೆ ಚೌಕಾಶಿ ಇಲ್ಲ ಎಂದೂ ಬರೆಯಿರಿ. ಜೊತೆಗೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಬಣ್ಣದ ಕೆಲಸದವರಿಗೂ ನೋಂದಣಿ ಇದೆ. 18ರಿಂದ 60 ವರ್ಷದವರಿಗೆ, ವರ್ಷದಲ್ಲಿ 90 ದಿನ ದುಡಿದ ದಾಖಲೆ ಇದ್ದರೆ. ಆ 90 ದಿನದ ಪತ್ರಕ್ಕೆ ಸಹಿ ಹಾಕಲು ಸತಾಯಿಸಬೇಡಿ.

ಈ ದೀಪಾವಳಿಗೆ ನಮ್ಮ ಮನೆಗೂ ಬಣ್ಣ ಮಾಡಿಸಬೇಕು. ಎರಡಂತಸ್ತು, ಹಿಂದಿನ ಮೂಲೆಯಲ್ಲಿ ಲೈನ್ ಹಾದುಹೋಗಿದೆ. ಸಾರುವೆಯ ಸಾಲು ಬೇರೆಯಾಗಿ ಬರೆದ ಕೊಟೇಶನ್ ಕಳಿಸಿ. ಆ ಹಣವನ್ನು ಕೆಲಸ ಶುರುವಾಗುವ ಮೊದಲೇ ಕೊಡುತ್ತೇನೆ.

ಇಂತಿ,
ಜಿನನಾಥಪುರದ ಒಬ್ಬ ನಿವಾಸಿ