ಸ್ಪೇಸ್ ಬಾರ್ ಒತ್ತುವವರ ಸ್ತುತಿ

ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಎಳ್ಳಷ್ಟೂ ಆರೈಕೆ ಮಾಡದೆ ವರ್ಷಗಟ್ಟಲೆ ದುಡಿಸಿಕೊಳ್ಳುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಬಂಗಾರಪೇಟೆಯಿಂದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವರೆಗೆ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿಕೊಂಡ ಅಂಗಡಿಗಳಲ್ಲಿ ಇಂಥ ಸಾಧಕರಿದ್ದಾರೆ. ಇನ್ನೂ ಯಾರೂ ಇವರಿಗೆ ಶಾಲು ಹೊದಿಸಿಲ್ಲ ಎಂಬುದೇ ನನ್ನ ಕೊರಗು.

ಇವರಿಂದ ಊರಿಗಾದ ಉಪಕಾರ ಒಂದೆರಡಲ್ಲ. ಸಂಜೆ ಕರೆಂಟು ಹೋಗಿ ಬಂದಮೇಲೆ ಅಂಗಡಿಯವರು ಬಟನ್ ಒತ್ತಿ, “ಎದ್ದೇಳ್ತಾ ಇದೆ ಸಾರ್, ಎರಡೇ ನಿಮಿಷ” ಅನ್ನುತ್ತಾರೆ. ಆ ಎರಡು ನಿಮಿಷದಲ್ಲಿ ಗಿರಾಕಿ ಬೀದಿ ದಾಟಿ, ಬಂಗಾರಪೇಟೆಯ ತಿಳಿನೀರಿನ ಪಾನಿಪೂರಿ ತಿಂದು, ಖಾರಕ್ಕೆ ಕಣ್ಣು ಮೂಗು ಒರೆಸಿಕೊಂಡು ವಾಪಸು ಬಂದು, ಇನ್ನೊಂದು ಪ್ಲೇಟಿಗೆ ಹೋಗಬಹುದು. ನವೆಂಬರಿನಲ್ಲಂತೂ ತಾವು ಬದುಕಿದ್ದೇವೆಂದು ಜೀವನ ಪ್ರಮಾಣ ಪತ್ರ ಕೊಡಲು ಬಂದ ಪಿಂಚಣಿದಾರರು ಬೆಂಚಿನ ಮೇಲೆ ಸಾಲಾಗಿ ಕೂತು, ಡಿಸ್ಕಿಗೆ ಜೀವ ಬರುವುದನ್ನು ಕಾಯುತ್ತಾರೆ.

ಕರೆಂಟು ದಿಢೀರನೆ ಹೋದರೆ ಡಿಸ್ಕಿಗೆ ಬರೆಯುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಇಲ್ಲವೆನ್ನಬೇಡಿ, ಇದೆ; ಬ್ಯಾಟರಿ ಸತ್ತಮೇಲೆ ಅದರ ಮೇಲೆ ಗಣಪತಿ ಫೋಟೊ, ಊದುಬತ್ತಿ ಸ್ಟ್ಯಾಂಡು ಸುಖವಾಗಿವೆ. ಮತ್ತೆ ಆನ್ ಮಾಡಿದಾಗ ವಿಂಡೋಸ್ ಪಾಪ ಡಿಸ್ಕ್ ತಪಾಸಣೆ ಮಾಡುತ್ತೇನೆ, ಬೇಡವಾದರೆ ಯಾವುದಾದರೂ ಕೀ ಒತ್ತಿ ಎಂದು ಸೆಕೆಂಡು ಎಣಿಸುತ್ತದೆ. ಹತ್ತು ಒಂಬತ್ತಾಗುವ ಮುಂಚೆ ನಮ್ಮವರ ಹೆಬ್ಬೆರಳು ಸ್ಪೇಸ್ ಬಾರಿನ ಮೇಲಿರುತ್ತದೆ. ಉಳಿದ ಕೀಗಳ ಮೇಲೆ ಧೂಳು ಕೂತಿದ್ದರೂ ಅದೊಂದು ಮಾತ್ರ ತಳತಳ ಹೊಳೆಯುತ್ತದೆ.

ಚದುರಿದ ಕಡತಗಳನ್ನು ಜೋಡಿಸಿಡುವ ಡಿಫ್ರಾಗ್ ವಿಷಯದಲ್ಲೂ ಅಷ್ಟೇ ನಿಷ್ಠೆ. ವಿಂಡೋಸ್ 7 ತಾನಾಗಿಯೇ ಬುಧವಾರ ರಾತ್ರಿ 1 ಗಂಟೆಗೆ ಅದಕ್ಕೆ ಮುಹೂರ್ತವಿಟ್ಟುಕೊಂಡಿತ್ತು. ಆ ಹೊತ್ತಿಗೆ ಶಟರ್ ಎಳೆದು ಮೇನ್ ಸ್ವಿಚ್ಚೇ ಆರಿಸಿರುತ್ತಾರೆ. ಹಾಗೆ ಜೋಡಿಸಿಡಲು ಶೇ. 15ರಷ್ಟು ಜಾಗ ಖಾಲಿ ಬೇಕಂತೆ. ಎಲ್ಲಿಂದ ತರುವುದು? ಸಿ ಡ್ರೈವಿನ ಪಟ್ಟಿ ಕೆಂಪಾಗಿ ಎಷ್ಟೋ ಕಾಲವಾಯಿತು. ಹತ್ತು ವರ್ಷದ ಹಿಂದಿನ ಮದುವೆ ಕರೆಯೋಲೆಗಳು ‘ಫೈನಲ್’, ‘ಫೈನಲ್ ಫೈನಲ್’, ‘ಇದೇ ಫೈನಲ್’ ಎಂಬ ಹೆಸರಲ್ಲಿ ಅಲ್ಲೇ ಬೀಡುಬಿಟ್ಟಿವೆ. ಆ ಜೋಡಿಗಳ ಮಕ್ಕಳೀಗ ಶಾಲೆಗೆ ಹೋಗುತ್ತಿದ್ದಾರೆ. ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ಸುತ್ತುತ್ತಿದ್ದರೆ, ಅದರ ಹೆಡ್ಡು ಒಂದೇ ಕರೆಯೋಲೆಯ ತುಣುಕುಗಳಿಗಾಗಿ ಅಲ್ಲಿಂದಿಲ್ಲಿಗೆ ಹಾರಾಡುತ್ತಾ ಕರಕರ ಅನ್ನುತ್ತದೆ. ವ್ಯಾಯಾಮ ಒಳ್ಳೆಯದು.

ಕರಕರ ಹೋಗಿ ಟಕ್ ಟಕ್ ಶುರುವಾದರೂ ಇವರು ಎದೆಗುಂದುವುದಿಲ್ಲ, ಎಫ್‌ಎಂ ಜೋರು ಮಾಡುತ್ತಾರೆ. ಒಳಗಿನ ಸದ್ದು ಕೇಳಿ ಅಪಾಯ ಅಳೆಯುವ ವಿದ್ಯೆಗೆ ಹೆಸರಾದ ಊರು ಕೆಜಿಎಫ್. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಯುವುದನ್ನು ಕಂಪನಮಾಪಕಗಳಿಂದ ಆಲಿಸುತ್ತಿದ್ದರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿತು. ಅಂಥ ಗಣಿಯೇ 2001ರ ಫೆಬ್ರವರಿ 28ರಂದು ಮುಚ್ಚಿ, ಪಂಪುಗಳು ನಿಂತು, ಸುರಂಗಗಳಿಗೆ ನೀರು ತುಂಬಿದಮೇಲೂ ಊರು ಇದೆಯಲ್ಲ ಎಂಬುದು ಇವರ ತರ್ಕ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕೆಟ್ಟ ಸೆಕ್ಟರುಗಳ ಬದಲಿಗೆ ಡಿಸ್ಕು ತಾನು ಮೀಸಲಿಟ್ಟ ಸೆಕ್ಟರುಗಳನ್ನು ಕೊಟ್ಟು, ಎಷ್ಟು ಕೆಟ್ಟವೆಂಬ ಲೆಕ್ಕವನ್ನೂ ಬರೆದಿಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ಹಳದಿ ಬಣ್ಣ ತೋರಿಸಿತು. ಹಳದಿಯೆಂದರೆ ಅರಿಶಿನ, ಶುಭ. ಕಾಲೇಜು ಹುಡುಗನೊಬ್ಬ, “ಅಣ್ಣಾ, ಒಂದು ಎಸ್‌ಎಸ್‌ಡಿ ಹಾಕಿಸ್ಬಿಡಿ, ಅರ್ಧ ನಿಮಿಷಕ್ಕೆ ಎದ್ದೇಳತ್ತೆ” ಅಂದ. ಪಾನಿಪೂರಿಯವನ ಹೊಟ್ಟೆಪಾಡಿನ ಬಗ್ಗೆ ಅವನಿಗೇನು ಗೊತ್ತು.

ಹಾಗಂತ ಮುಂಜಾಗ್ರತೆ ಇಲ್ಲವೆಂದಲ್ಲ. ಬ್ಯಾಕಪ್ ಇದೆಯಾ ಎಂದು ಕೇಳಿ ನೋಡಿ. “ಸಿ ಡ್ರೈವಲ್ಲಿರೋದೆಲ್ಲ ಡೀಗೂ ಕಾಪಿ ಮಾಡಿಟ್ಟಿದೀನಿ ಸಾರ್” ಎಂಬ ಉತ್ತರ ರೆಡಿ. ಸಿ, ಡಿ ಎರಡೂ ಅದೇ ತಟ್ಟೆಯ ಮೇಲಿವೆಯಾದ್ದರಿಂದ ಹೋದರೆ ಒಟ್ಟಿಗೇ ಹೋಗುತ್ತವೆ, ಎಂಥ ಒಗ್ಗಟ್ಟು! ಹೋದ ದಿನ ಡಿಸ್ಕನ್ನು ಪೇಪರಿನಲ್ಲಿ ಸುತ್ತಿ, ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ಯುತ್ತಾರೆ. ಹೊಸ ಡಿಸ್ಕಿನ ಹಲವು ಪಟ್ಟು ದುಡ್ಡು ತೆತ್ತು ಅಷ್ಟಿಷ್ಟು ಫೋಟೊ ಉಳಿಸಿಕೊಂಡು, ಹೊಸದೊಂದಕ್ಕೆ ತುಂಬಿಸಿಕೊಂಡು ಬಂದು, ರಾತ್ರಿಯೇ ಕೂತು ಅದನ್ನೂ ಸಿ, ಡಿ ಎಂದು ಎರಡು ಪಾಲು ಮಾಡಿಡುತ್ತಾರೆ.