ಅಗೆಯುವ ಅನುಭವ

ಬಂಗಾರಪೇಟೆ ಪ್ಲಾಟ್‌ಫಾರ್ಮ್. (ಹೆಸರಲ್ಲಷ್ಟೇ ಬಂಗಾರ.) ಮಾರಿಕುಪ್ಪಂ ರೈಲು ತಡ. ಬೆಂಚಿನ ಮೇಲೆ ಚಿನ್ನದ ಗಣಿಯ ಹಳೇ ತಾತ, ಪಕ್ಕದಲ್ಲಿ ಫೈಲು ಹಿಡಿದ ಸಾಹೇಬರು.

"ಪುಕ್ಕಟೆ ದುಡ್ಡು ಜನರನ್ನ ಸೋಮಾರಿ ಮಾಡುತ್ತೆ ತಾತ. ಕೆಲಸ ಕೊಟ್ಟು ಕೂಲಿ ಕೊಡಬೇಕು."

"ಕೊಡಿ ಸಾರ್. ನರೇಗಾ ಅಂತ 100 ದಿನದ್ದು ಇತ್ತಲ್ಲ?"

"ಅದು ಹಳ್ಳಿಯವರಿಗೆ. ನಿಮ್ಮ ರಾಬರ್ಟ್‌ಸನ್‌ಪೇಟೆ ನಗರಸಭೆ."

"2001ರಲ್ಲಿ ಗಣಿ ಮುಚ್ಚಿದ ಮೇಲೂ ನಗರವೇನಾ?"

"ಕಾಗದದಲ್ಲಿ ನಗರವೇ."

"ಮೊಮ್ಮಗಳು ಬಿ.ಕಾಂ. ಸಾರ್. ಯುವನಿಧಿ 3000 ಬರುತ್ತೆ."

"ಎರಡೇ ವರ್ಷ! ಆಮೇಲೆ?"

"ಆಮೇಲೆ ಇದೇ ರೈಲು. ಬೆಳಗ್ಗೆ ನಿಂತುಕೊಂಡು ಬೆಂಗಳೂರಿಗೆ, ರಾತ್ರಿ ನಿಂತುಕೊಂಡು ವಾಪಸ್ಸು."

"ಹಳ್ಳಿಗೆ ಹೋಗಿ ಅರ್ಜಿ ಹಾಕಿ. ಮಣ್ಣು ಅಗೆದ ಅನುಭವ ಇದೆಯಾ?"

ತಾತ ಕೆಮ್ಮಿ, ಟವೆಲ್ಲಿನ ತುದಿ ನೋಡಿಕೊಂಡ.

"ಚಾಂಪಿಯನ್ ರೀಫ್ ಸಾರ್. ಮೂರು ಕಿಲೋಮೀಟರ್ ಆಳ."

"ಅಷ್ಟೆಲ್ಲ ಬೇಡಪ್ಪ. ಕೃಷಿಹೊಂಡಕ್ಕೆ ಮೂರು ಮೀಟರ್ ಸಾಕು."