ಮೆಥಡಾಲಜಿ ಮೇಷ್ಟ್ರು

ರಾಜ್ಯದ ಯಾವ ವಿಶ್ವವಿದ್ಯಾನಿಲಯಕ್ಕೆ ಬೇಕಾದರೂ ಹೋಗಿ, ವಿಜ್ಞಾನ ವಿಭಾಗದ ಕಾರಿಡಾರಿನ ಕೊನೆಯಲ್ಲಿ, ಸ್ಟೋರ್ ರೂಮಿನ ಪಕ್ಕದ ಕೋಣೆಯಲ್ಲಿ ಅವರು ಸಿಗುತ್ತಾರೆ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು, ಮುಂದೆ ಯಾರದೋ ಥೀಸಿಸ್ಸಿನ ಮೂರನೇ ಅಧ್ಯಾಯ. ಪಿಎಚ್.ಡಿ. ಕೋರ್ಸ್‌ವರ್ಕಿನಲ್ಲಿ ರಿಸರ್ಚ್ ಮೆಥಡಾಲಜಿ ಎಂಬ ಪೇಪರೊಂದಿದೆ. ಅದನ್ನು ಪಾಠ ಮಾಡಲು ಯಾರಿಗೂ ಇಷ್ಟವಿರುವುದಿಲ್ಲ. ವಿಭಾಗದ ಮೀಟಿಂಗಿಗೆ ಯಾರು ಚಕ್ಕರ್ ಹಾಕುತ್ತಾರೋ ಅವರ ತಲೆಗೆ ಅದನ್ನು ಕಟ್ಟುವುದು ವಾಡಿಕೆ. ನಮ್ಮ ಮೇಷ್ಟ್ರು ಮಾತ್ರ ಮೀಟಿಂಗಿಗೆ ಬಂದು, ಕೈಯೆತ್ತಿ, ಕೇಳಿ ಇಸಕೊಂಡರು. ಅಂದಿನಿಂದ ನಾವು ಸಹೋದ್ಯೋಗಿಗಳು ಅವರನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ.

ತರಗತಿ ಶುಕ್ರವಾರ ಮಧ್ಯಾಹ್ನ ಎರಡಕ್ಕೆ. ಹಾಸ್ಟೆಲ್ಲಿನ ಅನ್ನ ಸಾರು ಕಣ್ಣಿಗೇರುವ ಹೊತ್ತು. ಮೊದಲ ದಿನವೇ ಎಲ್ಲರ ಕೈಗೂ ಒಂದು ಜೆರಾಕ್ಸ್ ಹಾಳೆ ಬರುತ್ತದೆ: 1928ರ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಬರೆದ ಪುಟ್ಟ ಟಿಪ್ಪಣಿ. ಒಟ್ಟುಗೂಡಿಸಿದರೂ ಒಂದು ಪುಟವಾಗುವುದಿಲ್ಲ. ಎರಡು ವರ್ಷಕ್ಕೆ ರಾಮನ್‌ಗೆ ನೊಬೆಲ್ ಬಂತು. ಇದನ್ನು ಹೇಳಿ ಮುಗಿಸಿ ಮೇಷ್ಟ್ರು ಮುಂದಿನ ಬೆಂಚಿನ ಹುಡುಗನ ಕರಡನ್ನು ತೂಗಿ ನೋಡುತ್ತಾರೆ. ಹುಡುಗನ ಇಂಟ್ರೊಡಕ್ಷನ್ನೇ ಹದಿನಾಲ್ಕು ಪುಟ. ಮೊದಲ ವಾಕ್ಯ: ಇಂಡಿಯಾ ಈಸ್ ಆನ್ ಅಗ್ರಿಕಲ್ಚರಲ್ ಕಂಟ್ರಿ.

"ಏನಪ್ಪಾ, ಈ ಸುದ್ದಿ ಜರ್ನಲ್ ಎಡಿಟರಿಗೆ ಇನ್ನೂ ತಲುಪಿಲ್ಲ ಅಂತಲಾ ನಿನ್ನ ಅಂದಾಜು?"

ಹುಡುಗನದೇನೂ ತಪ್ಪಿಲ್ಲ, ಅನ್ನಿ. ಹೈಸ್ಕೂಲಿನಿಂದ ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದೇ ತಿದ್ದಿಸಿಕೊಂಡು ಬಂದವನು. ಪೀಠಿಕೆ ದಪ್ಪವಾಗಿದ್ದಷ್ಟೂ ಮಾರ್ಕ್ಸು ದಪ್ಪ. ಅಂಥವನಿಗೆ ಇದ್ದಕ್ಕಿದ್ದಂತೆ ಪರಿಚಯ, ವಿಧಾನ, ಫಲಿತಾಂಶ, ಚರ್ಚೆ ಎಂಬ ನಾಲ್ಕು ಖಾನೆಗಳನ್ನು ತೋರಿಸಿ, ಯಾವುದನ್ನು ಯಾವುದರಲ್ಲೂ ಬೆರೆಸಬೇಡ ಎಂದರೆ ಗಾಬರಿಯಾಗದೆ ಇದ್ದೀತೆ? ಈ ಖಾನೆಗಳೇನು ವೇದಕಾಲದವಲ್ಲ. ವೈದ್ಯಕೀಯ ಪತ್ರಿಕೆಗಳು ಕೂಡ ಇವನ್ನು ಪೂರ್ತಿ ಒಪ್ಪಿಕೊಂಡದ್ದು 1980ರ ದಶಕದ ಹೊತ್ತಿಗೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿಯೇಬಿಟ್ಟ: "ಸಾರ್, ರಾಮನ್ ಅವರದರಲ್ಲೂ ಮೆಥಡ್ಸ್ ಅಂತ ಹೆಡ್ಡಿಂಗೇ ಇಲ್ವಲ್ಲಾ?"

"ನೀನು ರಾಮನ್ ಆದ್ಮೇಲೆ ನೀನೂ ಬಿಟ್ಬಿಡಪ್ಪಾ. ಅಲ್ಲೀತನಕ ಹಾಕು."

ಬರೆಯುವುದಕ್ಕಿಂತ ಮೊದಲು ಓದಬೇಕು ಎಂಬುದು ಮೇಷ್ಟ್ರ ಇನ್ನೊಂದು ಹಟ. ಕೇಳಿದರೆ ಇದರಲ್ಲೇನು ವಿಶೇಷ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಒಂದೂ ಪೇಪರನ್ನು ಪೂರ್ತಿ ಓದದೆ ನಾಲ್ಕು ಪೇಪರು ಬರೆದವರಿದ್ದಾರೆ, ಬಡ್ತಿಯನ್ನೂ ಪಡೆದಿದ್ದಾರೆ. ಪಾರಾಯಣದ ಹಾಗೆ ಮೊದಲಿನಿಂದ ಕೊನೆವರೆಗೆ ಓದಬೇಡಿ, ಎನ್ನುತ್ತಾರೆ ಮೇಷ್ಟ್ರು. ಎಸ್. ಕೇಶವ್ ಎಂಬ ಕಂಪ್ಯೂಟರ್ ವಿಜ್ಞಾನಿ 2007ರಲ್ಲಿ, ಪೇಪರ್ ಓದುವುದು ಹೇಗೆ ಎಂಬುದರ ಮೇಲೇ ಒಂದು ಪೇಪರ್ ಬರೆದರು. ಮೂರು ಸಲ ಓದಿ ಎಂದರು. ಮೊದಲ ಸಲ ಐದ್ಹತ್ತು ನಿಮಿಷ: ಶೀರ್ಷಿಕೆ, ಸಾರಾಂಶ, ಉಪಶೀರ್ಷಿಕೆ, ಕೊನೆಯ ತೀರ್ಮಾನ. ಎರಡನೇ ಸಲ ಒಂದು ಗಂಟೆಯೊಳಗೆ: ಚಿತ್ರ, ಗ್ರಾಫು, ಗೆರೆಗೊಂದು ಹೆಸರಿದೆಯೇ, ಎರರ್ ಬಾರ್ ಇದೆಯೇ. ಮೂರನೇ ಸಲ ಆ ಪ್ರಯೋಗವನ್ನು ಮನಸ್ಸಿನಲ್ಲೇ ಮತ್ತೆ ಮಾಡಿ ನೋಡುವಷ್ಟು. ಹೊಸಬರಿಗೆ ಇದು ನಾಲ್ಕೈದು ಗಂಟೆಯ ಕೆಲಸ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಮೇಷ್ಟ್ರು ತಿರುಗಿದರೆ, ಪ್ರಶ್ನೆ ಸಿದ್ಧವಾಗಿರುತ್ತದೆ: "ಇಂಟರ್ನಲ್ಸ್‌ಗೆ ಮೊದಲನೇ ಸಲದ್ದು ಸಾಕಾ ಸಾರ್?"

ಕಷ್ಟವೇನೆಂದರೆ, ಮೇಷ್ಟ್ರು ಪೇಪರನ್ನಷ್ಟೇ ಹೀಗೆ ಓದುವುದಿಲ್ಲ. ಮದುವೆಯ ಲಗ್ನಪತ್ರಿಕೆ ಬಂದರೆ ವಧೂವರರ ಹೆಸರು ಬಿಟ್ಟು, ಕೆಳಗೆ ಸುಖಾಗಮನವನ್ನು ಬಯಸುವವರ ಪಟ್ಟಿಗೆ ಹೋಗುತ್ತಾರೆ. "ಮೂವತ್ತೆರಡು ಜನ ಇದ್ದಾರಲ್ಲ, ಒಬ್ಬೊಬ್ಬರ ಕೊಡುಗೆ ಏನು ಅಂತ ಎಲ್ಲೂ ಹಾಕಿಲ್ಲ" ಎಂದು ಬೀಗರೆದುರೇ ಹೇಳಿದ್ದುಂಟು. ಸಕ್ಕರೆ ಕಾಯಿಲೆಯ ಭಾವನವರು ವಾಟ್ಸ್ಯಾಪ್ ನೋಡಿ ಮೆಂತ್ಯದ ನೀರು ಶುರುಮಾಡಿದಾಗ, "ಭಾವ, ನೀವು ಕಳಿಸಿದ ಆ ಸ್ಟಡಿ ಇಲಿಗಳ ಮೇಲೆ ಮಾಡಿದ್ದು" ಎಂದರು. ನನ್ನನ್ನು ಇಲಿ ಅಂದ ಎಂದು ಭಾವ ಮಾತು ಬಿಟ್ಟು ಬಹಳ ದಿನವಾಯಿತು. ಮನೆಯಾಕೆ ಒಮ್ಮೆ, "ಇವತ್ತಿನ ಸಾರು ನಿನ್ನೇದಕ್ಕಿಂತ ಚೆನ್ನಾಗಿದೆ ಅಲ್ವಾ?" ಎಂದರಂತೆ. "ಎಷ್ಟು ಜನ ತಿಂದು ಹೇಳಿದ್ದು? ಸ್ಯಾಂಪಲ್ ಎಷ್ಟು?"

"ಒಂದು. ನಾಳೆಯಿಂದ ಆ ಒಂದೂ ಹೋಟೆಲಲ್ಲೇ ತಿನ್ನುತ್ತೆ" ಎಂದರಂತೆ ಅವರು. ಈ ಮನೆಯಲ್ಲಿ ಮೆಥಡಾಲಜಿ ಇಬ್ಬರಿಗೂ ಗೊತ್ತು ಅಂತ ನನಗನ್ನಿಸಿತು.

ಮೇಷ್ಟ್ರಿಗೆ ಬಲು ಪ್ರೀತಿಯ ಕತೆ ಬೆಕ್ಕಿನದು. ಕರ್ಮಣಿ ಪ್ರಯೋಗದ ಪಾಠ ಬಂದಾಗ ಅದು ಹೊರಬೀಳುತ್ತದೆ. ಹುಡುಗರೆಲ್ಲ 'ಮಾಡಲಾಯಿತು, ಅಳೆಯಲಾಯಿತು, ತೂಗಲಾಯಿತು' ಎಂದೇ ಬರೆಯುತ್ತಾರೆ. ಮಾಡಿದವನು ಯಾರು, ದೆವ್ವವೇ? 'ನಾವು' ಅನ್ನಿ, ಧೈರ್ಯವಾಗಿ ಅನ್ನಿ, ಎನ್ನುತ್ತಾರೆ ಮೇಷ್ಟ್ರು. ಒಬ್ಬನೇ ಇದ್ದರೆ? ಅಮೆರಿಕದ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ 1975ರಲ್ಲಿ ಒಬ್ಬರೇ ಬರೆದ ಪೇಪರಿನ ತುಂಬ 'ನಾವು' ಎಂದು ಟೈಪ್ ಮಾಡಿಬಿಟ್ಟಿದ್ದರು. ಒಬ್ಬರೇ ಲೇಖಕರಾದರೆ ಪತ್ರಿಕೆ ಇದನ್ನು ಒಪ್ಪುವುದಿಲ್ಲ ಎಂದು ಸ್ನೇಹಿತರೊಬ್ಬರು ಎಚ್ಚರಿಸಿದರು. ಮತ್ತೆ ಟೈಪ್ ಮಾಡುವ ಬೇಸರಕ್ಕೆ ಅವರು ತಮ್ಮ ಸಯಾಮಿ ಬೆಕ್ಕು ಚೆಸ್ಟರನ್ನು ಎಫ್.ಡಿ.ಸಿ. ವಿಲ್ಲರ್ಡ್ ಎಂಬ ಗಂಭೀರ ಹೆಸರಿನಿಂದ ಸಹಲೇಖಕನಾಗಿ ಸೇರಿಸಿದರು. 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಅದು ಅಚ್ಚಾಯಿತು. ಕತೆ ಕೇಳಿ ತರಗತಿ ನಗುತ್ತದೆ. ಮೇಷ್ಟ್ರು ನಗುವುದಿಲ್ಲ. "ಬೆಕ್ಕಾದ್ರೂ ಬರೆಯೋರ ಮನೇಲೇ ಇತ್ತು. ನಮ್ಮಲ್ಲಿ ಪೇಪರಿಗೆ ಹೆಸರು ಸೇರಿಸಿಕೊಳ್ಳೋರು ಲ್ಯಾಬಿಗೆ ಬರೋದು ಆಯುಧಪೂಜೆ ದಿನ, ಮಂಡಕ್ಕಿಗೆ" ಎಂದು ಬಾಗಿಲ ಕಡೆ ನೋಡುತ್ತಾರೆ. ಬಾಗಿಲಾಚೆ ಯಾರ ಕೋಣೆಯೆಂದು ನಾನು ಹೇಳುವುದಿಲ್ಲ. ನನಗೂ ಬಡ್ತಿ ಬಾಕಿಯಿದೆ.

ಹಣ ಕೊಟ್ಟರೆ ಎರಡು ದಿನದಲ್ಲಿ ಪ್ರಕಟಿಸುವ ಪತ್ರಿಕೆಗಳ ಬಗ್ಗೆ ಅವರದು ದೊಡ್ಡ ಭಾಷಣವೇ ಇದೆ. ಥೀಸಿಸ್ ಸಲ್ಲಿಸುವ ಮೊದಲು ಒಂದು ಪೇಪರ್ ಪ್ರಕಟವಾಗಿರಲೇಬೇಕೆಂದು 2016ರ ಯುಜಿಸಿ ನಿಯಮ ಹೇಳುತ್ತಿತ್ತು. 2022ರಲ್ಲಿ ಆ ಕಡ್ಡಾಯ ಹೋಯಿತು, ಚಟ ಹೋಗಲಿಲ್ಲ. ಒಂದೇ ಬೈಗುಳದ ವಾಕ್ಯವನ್ನು ಹತ್ತು ಪುಟ ತುಂಬಿಸಿದ ತಮಾಷೆಯ ಪೇಪರೊಂದನ್ನು 2014ರಲ್ಲಿ ಇಂಥ ಪತ್ರಿಕೆಯೊಂದು ಉತ್ತಮವಾಗಿದೆ ಎಂದು ಒಪ್ಪಿಕೊಂಡು 150 ಡಾಲರ್ ಕೇಳಿತ್ತು. 'ನಿಮ್ಮ ಮೇಲಿಂಗ್ ಲಿಸ್ಟಿನಿಂದ ನನ್ನ ಹೆಸರು ಕೀಳಿ' ಎಂಬುದು ಆ ವಾಕ್ಯದ ಮರ್ಯಾದಸ್ಥ ರೂಪ. ನಡುವಿನ ಶಬ್ದಕ್ಕೆ ಮೇಷ್ಟ್ರು ಬೋರ್ಡಿನ ಮೇಲೆ ಚುಕ್ಕಿ ಹಾಕುತ್ತಾರೆ. ಕೃತಿಚೌರ್ಯದ ಪಾಠ ಮಾತ್ರ ಅವರಿಗೆ ಒಗ್ಗಿಲ್ಲ. ಹತ್ತು ಪರ್ಸೆಂಟ್‌ವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬ 2018ರ ನಿಯಮವನ್ನು ವಿವರಿಸಿದ ಕೂಡಲೇ, "ಹಾಗಾದ್ರೆ ಒಂಬತ್ತು ಪರ್ಸೆಂಟ್ ಕದಿಯಬಹುದಾ ಸಾರ್?" ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ. ಅವತ್ತು ಮೇಷ್ಟ್ರಿಗೆ ತಲೆನೋವು.

ಅವರ ನಿಜವಾದ ಬೇಟೆ ವಿಧಾನದ ಭಾಗದಲ್ಲಿ. ಹಾವೇರಿ ಕಡೆಯ ಹುಡುಗಿಯೊಬ್ಬಳು ಗೋವಿನಜೋಳದ ಹೊಲಗಳಲ್ಲಿ ಸತುವಿನ ಕೊರತೆಯ ಬಗ್ಗೆ ಕೆಲಸ ಮಾಡುತ್ತಿದ್ದಳು. 'ಹೊಲದಿಂದ ಮಣ್ಣನ್ನು ಸಂಗ್ರಹಿಸಲಾಯಿತು' ಎಂದು ಒಂದೇ ಸಾಲು ಬರೆದಿದ್ದಳು.

"ಯಾರ ಹೊಲ?"

"ನಮ್ಮಪ್ಪಂದ್ರಿ ಸರ."

"ಹೊಲದಲ್ಲಿ ಎಲ್ಲಿ? ಬದುವಿನ ಪಕ್ಕ? ತಿಪ್ಪೆ ಪಕ್ಕ? ಎಷ್ಟು ಆಳ? ಎಷ್ಟು ಗುಂಡಿ?"

ಹುಡುಗಿ ಊರಿಗೆ ಹೋಗಿ ಮತ್ತೆ ತೋಡಿದಳು. ಹೊಲದುದ್ದಕ್ಕೂ ಅಂಕುಡೊಂಕಾಗಿ ನಡೆದು, 15 ಸೆಂಟಿಮೀಟರ್ ಆಳದ 'ವಿ' ಆಕಾರದ ಗುಂಡಿಗಳು; ಎಲ್ಲ ಮಣ್ಣನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ, ಅರ್ಧ ಕೇಜಿ ಉಳಿಯುವವರೆಗೆ ಅದನ್ನೇ ಮತ್ತೆ ಮತ್ತೆ. ಡಿಟಿಪಿಎ ದ್ರಾವಣದಲ್ಲಿ ಅಲುಗಾಡಿಸಿ ಅಳೆದಾಗ ಸತುವು ಕೊರತೆಯ ಗೆರೆಯಾದ 0.6 ಪಿಪಿಎಂಗಿಂತ ಕೆಳಗೇ ಬಂತು. 'ಇದರಿಂದ ಕೊರತೆ ಸಾಬೀತಾಗಿದೆ' ಎಂದು ಉತ್ಸಾಹದಿಂದ ಬರೆದಳು. ಕೆಂಪು ಪೆನ್ನು 'ಸಾಬೀತಾಗಿದೆ'ಯನ್ನು ಹೊಡೆದು 'ಸೂಚಿಸುತ್ತದೆ' ಮಾಡಿತು. ಮುಂದಿನ ಕರಡಿನಲ್ಲಿ ಅವಳೇ 'ಸೂಚಿಸುತ್ತಿರಬಹುದು' ಎಂದು ತಿದ್ದಿಕೊಂಡು ಬಂದಳು. ಮೇಷ್ಟ್ರಿಗೆ ಆದ ಆನಂದ ಅಷ್ಟಿಷ್ಟಲ್ಲ.

ಮುಂಗಾರಿಗೆ ಮುಂಚೆ ಒಂದು ದಿನ ಅವಳ ಅಪ್ಪ ವಿಭಾಗಕ್ಕೇ ಬಂದರು. ಬಿಳಿ ಟೋಪಿ, ಧೋತರ, ಹೆಗಲ ಮೇಲೆ ವಲ್ಲಿ. ನಾವು ನಾಲ್ಕೈದು ಜನ ಚಹಾ ಕುಡಿಯುತ್ತ ಅಲ್ಲೇ ಇದ್ದೆವು.

"ಸಾಹೇಬ್ರ, ಮಗಳು ವರ್ಷಾತು ಹೊಲದಾಗ ತೆಗ್ಗು ತೋಡಾಕತ್ತಾಳ. ಜಿಂಕ್ ಹಾಕ್ಲೋ ಬ್ಯಾಡೋ ಅಂತ ಕೇಳಿದ್ರ, ಕೊರತಿ ಇದ್ದಂಗ ಕಾಣಸ್ತೈತಿ, ಆದ್ರ ಇನ್ನೂ ಅಭ್ಯಾಸ ಆಗಬೇಕು ಅಂತಾಳ. ಎಂಟ್ ದಿನದಾಗ ಮಳಿ ಬರತೈತಿ. ನೀವರ ಒಂದ ಮಾತಿನ್ಯಾಗ ಹೇಳ್ರಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒಂದೇ ಮಾತಿನಲ್ಲಿ ಹೇಳುವ ವಿದ್ಯೆ ಅವರಿಗೆ ಮರೆತು ಎಷ್ಟೋ ವರ್ಷವಾಗಿತ್ತು.

"ಅರ್ಧ ಹೊಲಕ್ಕೆ ಹಾಕಿ ಯಜಮಾನ್ರೇ. ಇನ್ನರ್ಧಕ್ಕೆ ಹಾಕಬೇಡಿ. ಎರಡರ ಇಳುವರಿಯನ್ನೂ ಬೇರೆ ಬೇರೆ ತೂಗಿ ನೋಡೋಣ."

"ಹಾಕದ ಬಿಟ್ಟ ಅರ್ಧಾದಾಗ ಮಾಲು ಕಮ್ಮಿ ಬಂದ್ರ, ಆ ಲುಕ್ಸಾನ ಯಾರು ತುಂಬಿ ಕೊಡ್ತಾರ್ರಿ? ನೀವೋ, ಯುನಿವರ್ಸಿಟಿಯವ್ರೋ?"

ನಾವೆಲ್ಲ ಚಹಾದ ಲೋಟ ನೋಡಿಕೊಂಡೆವು. ಮೇಷ್ಟ್ರು ಹುಡುಗಿಯ ಕರಡನ್ನು ಎಳೆದುಕೊಂಡು, ಚರ್ಚೆಯ ಭಾಗದ ಅಂಚಿನಲ್ಲಿ ಆ ಪ್ರಶ್ನೆಯನ್ನು ಹಾಗೇ ಬರೆದುಕೊಂಡರು. ಪ್ರಶ್ನೆಯೆಂದ ಮೇಲೆ ಅದಕ್ಕೊಂದು ಮೂಲ ಬೇಕಲ್ಲ. "ನಿಮ್ಮ ಪೂರ್ತಿ ಹೆಸರು ಹೇಳಿ, ಇನಿಷಿಯಲ್ ಸಮೇತ."

ಯಜಮಾನರು ದಡಕ್ಕನೆ ಎದ್ದು ನಿಂತರು. "ನನ್ನ ಹೆಸರ್ಯಾಕ್ರಿ? ನಾ ಏನ್ ತಪ್ಪು ಮಾತಾಡೀನಿ?"

"ಹಂಗಲ್ಲಪ್ಪಾ, ನೀ ಹೇಳಿದ್ದು ಛಲೋ ಐತಂತ ಪೇಪರಿನ್ಯಾಗ ಹೆಸರು ಹಾಕ್ತಾರ" ಎಂದು ಮಗಳು ಸಮಾಧಾನ ಮಾಡಿದಳು.

ಅವರು ಮತ್ತೆ ಕೂತು, ವಲ್ಲಿ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಯೋಚಿಸಿದರು.

"ಹಾಕೂದಾದ್ರ ಮೊದಲನೇ ಹೆಸರು ನಂದ ಹಾಕ್ರಿ. ಹೊಲ ನಂದೈತಿ."